ಕರಗಿದ್ದೆಲ್ಲ ಒಂದೇ ಅಲ್ಲ

ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಏನು ವ್ಯತ್ಯಾಸವೆಂದು ಕೇಳಿದರೆ ಪ್ರೌಢಶಾಲೆಯ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ: ಮೊದಲನೆಯದರಲ್ಲಿ ವಸ್ತುವನ್ನು ಹಿಂದಿನ ಸ್ಥಿತಿಗೆ ತರಬಹುದು, ಎರಡನೆಯದರಲ್ಲಿ ಸಾಧ್ಯವಿಲ್ಲ. ಅಂಕವೂ ಸಿಗುತ್ತದೆ. ಆದರೆ ಈ ಸೂತ್ರ ಅರ್ಧಸತ್ಯ. ಬೀಸಿದ ರಾಗಿ ಮತ್ತೆ ಕಾಳಾಗದು. ಆದರೂ ಅದು ಭೌತ ಬದಲಾವಣೆಯೇ. ಮನೆಯ ಯುಪಿಎಸ್ ಬ್ಯಾಟರಿಯೊಳಗೆ ನಡೆಯುವುದಾದರೋ ಅಪ್ಪಟ ರಾಸಾಯನಿಕ ಕ್ರಿಯೆ. ಕರೆಂಟು ಹೋದಾಗ ಒಂದು ದಿಕ್ಕಿಗೆ, ಬಂದಾಗ ವಿರುದ್ಧ ದಿಕ್ಕಿಗೆ. ಹೊಸ ವಸ್ತು ಹುಟ್ಟಿತೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ನಿವೃತ್ತಿಯ ಬಳಿಕ ನಮ್ಮ ಬಡಾವಣೆಯ ಕೆಲವು ಮಕ್ಕಳಿಗೆ ಸಂಜೆ ಪಾಠ ಹೇಳುತ್ತಿದ್ದೇನೆ. (ನಾನು ಓದಿದ್ದು ಅರ್ಥಶಾಸ್ತ್ರ, ಹಾಗಾಗಿ ಅವರೊಡನೆ ನಾನೂ ವಿದ್ಯಾರ್ಥಿ.) ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ ಎಂದರೆ 'ಜಲಜನಕ, ಆಮ್ಲಜನಕ' ಎನ್ನುವವರು ಅವರಲ್ಲಿ ಜಾಣರೇ. ಅಲ್ಲಿರುವುದು ನೀರಾವಿ, ನೀರನ್ನು ಒಡೆಯಲು ಅಡುಗೆ ಒಲೆಯ ಶಾಖ ಸಾಲದು. ನ್ಯೂಜಿಲೆಂಡಿನ ಆಸ್ಬಾರ್ನ್ ಮತ್ತು ಕಾಸ್‌ಗ್ರೋವ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅನೇಕ ಮಕ್ಕಳು ಇದೇ ಉತ್ತರ ಕೊಟ್ಟಿದ್ದರು.

ನಮ್ಮ ನುಡಿಯೂ ಕೊಂಚ ತೊಡಕು ಮಾಡುತ್ತದೆ. ಬೆಣ್ಣೆ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಒಂದಕ್ಕೆ ಬೇಕಾದದ್ದು ಶಾಖ, ಇನ್ನೊಂದಕ್ಕೆ ನೀರು. ಕ್ರಿಯಾಪದ ಮಾತ್ರ ಒಂದೇ. ಪಠ್ಯದ ಸಂಸ್ಕೃತ ಪದಗಳು ಈ ಗೊಂದಲವನ್ನು ಮುಚ್ಚುತ್ತವೆಯೇ ಹೊರತು ಬಿಡಿಸುವುದಿಲ್ಲ. ಸೌದೆ 'ಉರಿದುಹೋಯಿತು' ಎಂದಾಗ ಅದು ಇಲ್ಲವಾಯಿತೆಂದೇ ಮಗು ತಿಳಿಯುತ್ತದೆ. ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡು, ನೀರಾವಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದ್ರವ್ಯದ ಜಮಾ-ಖರ್ಚು ಸರಿಹೊಂದಲೇಬೇಕೆಂದು 1789ರ ತನ್ನ ಗ್ರಂಥದಲ್ಲಿ ಹೇಳಿದ ಲವಾಸಿಯೆ ಫ್ರಾನ್ಸಿನ ತೆರಿಗೆ ವಸೂಲಿಯ ಗುತ್ತಿಗೆಯಲ್ಲೂ ಪಾಲುದಾರನಾಗಿದ್ದನೆಂಬುದು ನನ್ನಂಥ ಮಾಜಿ ಅಧಿಕಾರಿಗೆ ಖುಷಿ ಕೊಡುವ ಸಂಗತಿ.

ಇದು ಬರೀ ಅಂಕಗಳ ವಿಚಾರವಾಗಿದ್ದರೆ ಬರೆಯುತ್ತಿರಲಿಲ್ಲ. ಬೆರೆಸುವುದೆಂದರೆ ನೀರಿಗೆ ಬೆಲ್ಲ ಹಾಕಿ ಪಾನಕ ಮಾಡಿದಂತೆ ಎಂದು ನಂಬಿದವರು, ಬಚ್ಚಲು ಇನ್ನಷ್ಟು ಬೆಳ್ಳಗಾಗಲೆಂದು ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಸುರಿಯುತ್ತಾರೆ. ಆಗ ಹೊಮ್ಮುವುದು ಕ್ಲೋರಿನ್. 1915ರಲ್ಲಿ ಬೆಲ್ಜಿಯಮ್ಮಿನ ರಣರಂಗದಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟ ಅನಿಲ ಅದೇ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದನ್ನು ಉಸಿರಾಡಬೇಕಾಗುವುದು ಹೆಚ್ಚಾಗಿ ಮನೆಗೆಲಸದ ಹೆಣ್ಣುಮಕ್ಕಳು. ಆ ಎರಡು ಡಬ್ಬಗಳನ್ನು ಅವರ ಕೈಗೆ ಕೊಡುವ ನಾವಾದರೂ ಓದಿದವರಲ್ಲವೇ?

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು 'ವ್ಯತ್ಯಾಸ ಬರೆಯಿರಿ' ಎಂಬುದನ್ನು ಇನ್ನಾದರೂ ಕೈಬಿಡಲಿ. ಯಾವ ಬಡ ಶಾಲೆಗೂ ಒಂದು ಮೇಣದಬತ್ತಿ ಭಾರವಲ್ಲ. ಅದನ್ನು ಹಚ್ಚಿಟ್ಟು, ಎಲ್ಲಿ ಯಾವ ಬದಲಾವಣೆ ನಡೆಯುತ್ತಿದೆ ಎಂದು ಮಕ್ಕಳನ್ನೇ ಕೇಳಲಿ: ಮೇಣ ಕರಗುತ್ತಿರುವುದು ಒಂದು ಬಗೆ, ಬತ್ತಿಯ ತುದಿಯಲ್ಲಿ ಅದರ ಆವಿ ಉರಿಯುತ್ತಿರುವುದು ಇನ್ನೊಂದು ಬಗೆ.