ಇಂಟರ್‌ಲಾಕಿಂಗ್‌ಗೆ ಅಡ್ಡದಾರಿ ಬೇಡ

ಷಿಕಾಗೊ ನಗರದ ದಕ್ಷಿಣ ಭಾಗದ ಗ್ರ್ಯಾಂಡ್ ಕ್ರಾಸಿಂಗ್ ಎಂಬ ಬಡಾವಣೆ ಎರಡು ರೈಲು ಕಂಪನಿಗಳ ಹಟಮಾರಿತನದಿಂದ ಹುಟ್ಟಿದ್ದು. 1852ರಲ್ಲಿ ಇಲಿನಾಯ್ ಸೆಂಟ್ರಲ್ ಕಂಪನಿಯ ಎಂಜಿನಿಯರ್ ರಾಸ್‌ವೆಲ್ ಮೇಸನ್, ಎದುರಾಳಿ ಕಂಪನಿಯ ಒಪ್ಪಿಗೆಯಿಲ್ಲದೆ ಗುಟ್ಟಾಗಿ ಅದರ ಹಳಿಗೆ ಅಡ್ಡಲಾಗಿ ತನ್ನ ಹಳಿ ಹಾಕಿಸಿದ. ಯಾರ ಗಾಡಿ ಮೊದಲು ದಾಟಬೇಕು ಎಂಬುದು ಇತ್ಯರ್ಥವಾಗಲೇ ಇಲ್ಲ. 1853ರ ಏಪ್ರಿಲ್ 25ರ ರಾತ್ರಿ ಎರಡು ರೈಲುಗಳು ಅಲ್ಲೇ ಡಿಕ್ಕಿಯಾಗಿ 18 ಮಂದಿ ಸತ್ತರು. ಆಮೇಲೆ ಪ್ರತಿ ಗಾಡಿಯೂ ಅಲ್ಲಿ ಪೂರ್ತಿ ನಿಂತೇ ಹೊರಡಬೇಕೆಂಬ ನಿಯಮ ಬಂತು. ನಿಲ್ಲುವ ರೈಲುಗಳನ್ನು ನಂಬಿ ಪಾಲ್ ಕಾರ್ನೆಲ್ ಎಂಬ ವಕೀಲ ಸುತ್ತಲಿನ ಜಮೀನು ಕೊಂಡ, ಕಾರ್ಖಾನೆಗಳು ಬಂದವು, ಊರು ಬೆಳೆಯಿತು. ಅಪಾಯ ಮಾತ್ರ ಹೋಗಲಿಲ್ಲ. ಹಳಿಗಳನ್ನು ಎತ್ತರಿಸಿ ಅದನ್ನು ನೀಗಿಸಿದ್ದು 1912ರಲ್ಲಿ.

ನಿಂತು, ನೋಡಿ, ಹೊರಡು ಎಂಬ ನಿಯಮ ಚಾಲಕನ ಕಣ್ಣನ್ನು ನೆಚ್ಚಿಕೊಂಡಿತ್ತು. ಸಿಗ್ನಲ್ ಕ್ಯಾಬಿನ್ ಬಂದ ಮೇಲೆ ಆ ಹೊಣೆ ಕಬ್ಬಿಣಕ್ಕೆ ದಾಟಿತು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದ ಇಂಟರ್‌ಲಾಕಿಂಗ್ ಇದಕ್ಕೆ ಬುನಾದಿ. ಕ್ಯಾಬಿನ್ನಿನ ಮೇಲಂತಸ್ತಿನಲ್ಲಿ ಸಾಲು ಲಿವರ್‌ಗಳು, ಅವುಗಳ ಕೆಳಗೆ ಕಚ್ಚು ಕೊರೆದ ಕಬ್ಬಿಣದ ಪಟ್ಟಿಗಳು. ಒಂದು ಹಳಿಗೆ ಸಿಗ್ನಲ್ ಕೊಡುವ ಲಿವರ್ ಎಳೆದರೆ ಪಟ್ಟಿ ಸರಿದು, ಅಡ್ಡ ಹಳಿಯ ಲಿವರನ್ನು ಕಚ್ಚಿ ಹಿಡಿಯುತ್ತದೆ. ಲಿವರ್ ಎಳೆಯುವವನು ನಿದ್ದೆಗಣ್ಣಿನಲ್ಲಿದ್ದರೂ, ಮೇಲಧಿಕಾರಿ ಎಷ್ಟೇ ಅವಸರಪಡಿಸಿದರೂ ಅದು ಜಗ್ಗುವುದಿಲ್ಲ. ರೈಲು ಸುರಕ್ಷತೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಕಡಿಮೆ ಎಂದೇ ನನ್ನ ಎಣಿಕೆ.

ಈಗ ಲಿವರ್ ಹೋಗಿ ಕಂಪ್ಯೂಟರ್ ಬಂದಿದೆ, ಹಳೇ ಕಥೆ ಏಕೆ ಎನ್ನಬಹುದು. ಆದರೆ 2023ರ ಫೆಬ್ರವರಿಯಲ್ಲಿ ನಮ್ಮ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ತಪ್ಪು ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಗಮನಿಸಿ ಗಾಡಿ ನಿಲ್ಲಿಸಿದ್ದರಿಂದ ಜನ ಉಳಿದರು. ಇಂಟರ್‌ಲಾಕಿಂಗನ್ನು ಹೀಗೆ ಬೈಪಾಸ್ ಮಾಡುವುದರ ವಿರುದ್ಧ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೇ ಪತ್ರ ಬರೆದು ಎಚ್ಚರಿಸಿದರು. ಅದೇ ವರ್ಷ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ ಸಿಗ್ನಲ್ ಮುಖ್ಯ ಹಳಿಗೆ ಹಸಿರು ತೋರಿತು, ಪಾಯಿಂಟ್ ಪಕ್ಕದ ಲೂಪ್ ಹಳಿಗೆ ತಿರುಗಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಹಿಂದೆ ಸಿಗ್ನಲ್ ಸರ್ಕ್ಯೂಟ್ ಬದಲಿಸಿದಾಗಿನ ಲೋಪ ಮತ್ತು ಲೆವೆಲ್ ಕ್ರಾಸಿಂಗ್ ಗೇಟಿನ ಬ್ಯಾರಿಯರ್ ಬದಲಾವಣೆಗೆಂದು ಮಾಡಿದ ಸಿಗ್ನಲ್ ಕೆಲಸದ ಲೋಪಗಳೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. ಕಬ್ಬಿಣದ ಪಟ್ಟಿಯನ್ನು ಮೀರಲು ಸುತ್ತಿಗೆ ಬೇಕಿತ್ತು. ಸಿಗ್ನಲ್ ಸರ್ಕ್ಯೂಟ್‌ಗಳಿರುವ ರಿಲೇ ಕೊಠಡಿಯಲ್ಲಿ ಒಂದು ತಂತಿ ಸಾಕು.

ಪ್ರತಿ ದುರಸ್ತಿಗೂ ಸಂಚಾರ ನಿಲ್ಲಿಸಿದರೆ ಗಾಡಿಗಳು ತಡವಾಗುತ್ತವೆ ಎಂಬ ಆಕ್ಷೇಪ ನಿಜವೇ. ಆದರೆ ಆ ತಡವನ್ನು ವೇಳಾಪಟ್ಟಿ ಹಾಕುವವರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕೇ ಹೊರತು, ಕೆಲಸದ ನಡುವೆ ಗಡಿಯಾರ ನೋಡುವ ಒತ್ತಡವನ್ನು ಸಿಗ್ನಲ್ ಸಿಬ್ಬಂದಿಯ ತಲೆಗೆ ಕಟ್ಟಬಾರದು. ದುರಸ್ತಿಗೆ ಕಡ್ಡಾಯ ಬ್ಲಾಕ್, ಅಂದರೆ ಗಾಡಿ ಓಡದ ಅವಧಿ, ಕೊಡಲಿ. ತಂತಿ ಮರುಜೋಡಿಸಿದ ಮೇಲೆ, ಜೋಡಿಸಿದವರಲ್ಲದ ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕದೆ ಗಾಡಿ ಬಿಡದಿರಲಿ. ಅಪಘಾತವಾದ ಮೇಲಿನ ತನಿಖೆಯಷ್ಟೇ ಅಲ್ಲ, ಹೊಸದುರ್ಗದಂತೆ ಕೂದಲೆಳೆಯಲ್ಲಿ ತಪ್ಪಿದವುಗಳ ವರದಿಯೂ ಪೂರ್ತಿಯಾಗಿ ಪ್ರಯಾಣಿಕರ ಕೈಗೆ ಸಿಗಲಿ.