ಗಲ್ಲೆಯಿಲ್ಲದ ಅಂಗಡಿ



ಕಳೆದ ದೀಪಾವಳಿಯ ಮುಂಚೆ ನಮ್ಮ ಹೋಟೆಲ್ ಕಾರ್ಮಿಕ ತಮ್ಮನೊಬ್ಬ ಊರಿನಲ್ಲಿರುವ ತಾಯಿಗೆಂದು ಫೋನಿನಲ್ಲಿ ಸೀರೆ ಕೊಂಡ. ಸಾಮಾಜಿಕ ಜಾಲತಾಣದಲ್ಲಿ ಬಂದ ಜಾಹೀರಾತು ಅದು. ನಾಲ್ಕು ಸಾವಿರದ ರೇಷ್ಮೆ ಸೀರೆ ಒಂಬೈನೂರಕ್ಕೆ, ಅದೂ ಅಂದು ಮಧ್ಯರಾತ್ರಿಯವರೆಗೆ ಮಾತ್ರ! ಹಣ ಹೋಯಿತು, ಸೀರೆ ಬರಲಿಲ್ಲ. ಹತ್ತು ದಿನ ಕಳೆದು ನೋಡಿದರೆ ಅಂಗಡಿಯೇ ಮಾಯ. ಹಣ ವಾಪಸು ಕೇಳಲೆಂದು ಫೋನಿನಲ್ಲೇ ಹುಡುಕಿ ಒಂದು ನಂಬರಿಗೆ ಕರೆ ಮಾಡಿದ. ಅಲ್ಲಿದ್ದವನು ಸವಿಮಾತಿನಿಂದ, "ಪಿನ್ ಒತ್ತಿ, ಹಣ ಬರುತ್ತದೆ" ಎಂದ. ಒತ್ತಿದ, ಇನ್ನೂ ಆರು ಸಾವಿರ ಹೋಯಿತು. ಊರಿನ ಬಸ್ಸಿಗೆ ಇಟ್ಟುಕೊಂಡಿದ್ದ ಹಣವೂ ಅದರಲ್ಲಿತ್ತು. ರಜೆ ಸಿಗಲಿಲ್ಲವೆಂದು ತಾಯಿಗೆ ಸುಳ್ಳು ಹೇಳಿ ಹಬ್ಬದ ದಿನವೂ ಇಲ್ಲೇ ಬಡಿಸುತ್ತ ನಿಂತ. ನಮಗೆ ವಿಷಯ ತಿಳಿದದ್ದು ಎರಡು ತಿಂಗಳ ಮೇಲೆ.

ಹೋದ ಹಣಕ್ಕಿಂತ ಆ ಎರಡು ತಿಂಗಳ ಮೌನವೇ ನಮಗೆ ಹೆಚ್ಚು ನೋವು ತಂದಿತು. ಜನ ನಕ್ಕಾರೆಂಬ ನಾಚಿಕೆ ಅವನಿಗೆ. ಆದರೆ ನಗುವವರು ಯಾರು? ಮೂವತ್ತು ವರ್ಷ ಗಿರಣಿಯಲ್ಲಿ ದುಡಿದು, ಮುಟ್ಟಿದೊಡನೆ ಬಟ್ಟೆಯ ಗುಣ ಹೇಳಬಲ್ಲ ನಮ್ಮ ಹಿರಿಯರೊಬ್ಬರೂ ಇಂಥದೇ ಅಂಗಡಿಯಿಂದ ಹೊದಿಕೆಯ ಬದಲು ಚಿಂದಿ ಪಡೆದಿದ್ದಾರೆ. ಚಿತ್ರವನ್ನು ಮುಟ್ಟಿ ನೋಡಲಾದೀತೆ? ಮೋಸ ಹೋದವನು ದಡ್ಡನಲ್ಲ. ಅವನು ಬಾಯಿ ಮುಚ್ಚಿಕೊಂಡಷ್ಟೂ ಕಳ್ಳನಿಗೆ ಲಾಭ.

ಹೋಟೆಲಿನಲ್ಲಿ ಹಳಸಿದ ಸಾಂಬಾರು ಬಡಿಸಿದರೆ ಗಿರಾಕಿ ಗಲ್ಲೆಯ ಮುಂದೆ ನಿಂತು ಕೇಳುತ್ತಾನೆ. ಫೋನಿನ ಅಂಗಡಿಯಲ್ಲೂ ಮೊದಲು ಗಲ್ಲೆ ಎಲ್ಲಿದೆಯೆಂದು ನೋಡಬೇಕು. 2020ರ ಇ-ವಾಣಿಜ್ಯ ನಿಯಮಗಳಂತೆ ಅಂಥ ಅಂಗಡಿ ತನ್ನ ಹೆಸರು, ಕಚೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ತೋರಿಸಲೇಬೇಕು. ಬರೇ ವಾಟ್ಸಾಪ್ ನಂಬರು ಇದ್ದರೆ ದೂರವಿರಿ. ವಿಳಾಸವಿದ್ದರೂ ಅದು ಸುಳ್ಳಿರಬಹುದು. ಅಂಗಡಿಯ ಹೆಸರನ್ನು ಬೇರೆ ಕಡೆ ಹುಡುಕಿ, ಕೊಂಡವರು ಏನೆನ್ನುತ್ತಾರೆಂದು ಓದಿ. ನಂಬಲಾಗದ ಅಗ್ಗ, "ಈಗಲೇ ಕೊಳ್ಳಿ" ಎಂಬ ಅವಸರ, ಮುಂಗಡ ಹಣದ ಒತ್ತಾಯ, ಈ ಮೂರೂ ಒಟ್ಟಾದಲ್ಲಿ ಮೋಸವೆಂದೇ ತಿಳಿಯಿರಿ. ಇನ್ನೊಂದು ಮಾತು: ಪಿನ್ ಇರುವುದು ಹಣ ಕೊಡಲು, ಪಡೆಯಲು ಪಿನ್ ಬೇಡವೇ ಬೇಡ.

ಆದರೂ ಮೋಸ ಹೋದಿರೋ, ಆ ಗಳಿಗೆಯೇ 1930ಕ್ಕೆ ಕರೆ ಮಾಡಿ. ಇದು ಸರ್ಕಾರದ ಸೈಬರ್ ವಂಚನೆಯ ಸಹಾಯವಾಣಿ. ದೂರು ಬ್ಯಾಂಕಿಗೆ ಮುಟ್ಟುವಾಗ ಹಣ ಕಳ್ಳನ ಖಾತೆಯಲ್ಲೇ ಇದ್ದರೆ ಅದನ್ನು ತಡೆಹಿಡಿಯಲು ಸಾಧ್ಯ. ಅವನು ಅದನ್ನು ತೆಗೆದ ಮೇಲೆ ಕಷ್ಟ. ಆದ್ದರಿಂದ ಗಂಟೆಗಳ ಲೆಕ್ಕ, ತಿಂಗಳ ಲೆಕ್ಕವಲ್ಲ. ಹಣ ಕಳಿಸಿದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಬರೆದಿಡಿ. ಜಾಹೀರಾತಿನ, ಮಾತುಕತೆಯ ಚಿತ್ರ ತೆಗೆದಿಡಿ, ಅಳಿಸಬೇಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಠಾಣೆಯಲ್ಲಿ "ಇದು ನಮ್ಮ ವ್ಯಾಪ್ತಿಯಲ್ಲ" ಎಂದರೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಿಜವಾದ ಅಂಗಡಿಯೇ ಕೆಟ್ಟ ಸಾಮಾನು ಕಳಿಸಿ ಹಣ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹೋದ ಹಣವೆಲ್ಲ ಬಂದೇ ಬರುತ್ತದೆಂದು ನಾವು ಹೇಳಲಾರೆವು. ಹೇಳದೆ ಕುಳಿತರೆ ಬರುವ ದಾರಿಯೇ ಇಲ್ಲ.

ಎಲ್ಲ ಹೊಣೆಯನ್ನೂ ಬಡ ಗಿರಾಕಿಯ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ. ಬಾಡಿಗೆ ಪಡೆದು ಕಳ್ಳನಿಗೆ ಮಳಿಗೆ ಕೊಟ್ಟವನು "ನನಗೇನು ಗೊತ್ತು?" ಎಂದರೆ ಪೇಟೆಯವರು ಒಪ್ಪುವರೆ? ಜಾಹೀರಾತಿಗೆ ಹಣ ಪಡೆಯುವ ಕಂಪನಿಗಳು ಕೊಡುವವನು ಯಾರೆಂದು ವಿಚಾರಿಸಲಿ. ಈ ಬೇಡಿಕೆ ನಮ್ಮ ಸಂಘಗಳಿಂದಲೂ ಏಳಬೇಕು.

ಅದಕ್ಕೆ ಮುಂಚೆ ನಮ್ಮ ಮನೆ ಸರಿಯಾಗಲಿ. ಪ್ರತಿ ಹೋಟೆಲಿನಲ್ಲೂ ಓದುಬರಹ ಬಲ್ಲ ಒಬ್ಬ ಗೆಳೆಯ ಈ ಎರಡು ನಂಬರುಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಲಿ. ಮೋಸ ಹೋದ ತಮ್ಮ ಬಂದು ಹೇಳಿದಾಗ ನಗಬೇಡಿ. ಮೊದಲು ಅವನ ಫೋನು ತೆಗೆದು 1930 ಒತ್ತಿ. ಬರುವ ದೀಪಾವಳಿಗೆ ಯಾವ ತಾಯಿಗೂ ಮಗ ಸುಳ್ಳು ಹೇಳುವಂತಾಗದಿರಲಿ.