ಹಾಲ್ ಟಿಕೆಟ್ ತಡೆಯೋ ಕಾಲೇಜಿಗೆ ಆರ್ಟಿಕಲ್ 17 ಪಾಠ ಮಾಡೋ ನೈತಿಕತೆ ಇದೆಯಾ?

ಮೊನ್ನೆ ರಾತ್ರಿ ಒಬ್ಬ ಹುಡುಗಿ ಫೋನ್ ಮಾಡಿದ್ಲು. ಐದು ವರ್ಷದ ಲಾ ಕೋರ್ಸು, ಈಗ ಎರಡನೇ ವರ್ಷ. ಅಪ್ಪ ಗಾರೆ ಕೆಲಸ, ಅವ್ವ ಹೊಲದ ಕೂಲಿ. "ಅಣ್ಣ, ನಾಡಿದ್ದು ಪರೀಕ್ಷೆ. ಫೀಸ್ ಬಾಕಿ ಅಂತ ಹಾಲ್ ಟಿಕೆಟ್ ಕೊಡ್ತಿಲ್ಲ. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ ಸರ್ ಅಂದ್ರೆ, ಹೋಗಿ ನಿಮ್ಮ ಸರ್ಕಾರಾನ ಕೇಳು ಅಂತಾರೆ. ನೋಟಿಸ್ ಬೋರ್ಡಿನಲ್ಲಿ ಬಾಕಿ ಇರೋರ ಪಟ್ಟಿ ಅಂಟಿಸಿದ್ದಾರೆ, ಹೆಸರಿನ ಪಕ್ಕ ಜಾತಿ ಕಾಲಂ ಬೇರೆ" ಅಂತ ಅತ್ತಳು.

ನಾನು ಲಾ ಓದುವಾಗಲೂ ಇಂಥದ್ದೇ ಪಟ್ಟಿ ಇತ್ತು. ಅದರಲ್ಲಿ ನನ್ನ ಹೆಸರೂ ಇತ್ತು. ಬೋರ್ಡಿನ ಎದುರಿನ ಕ್ಲಾಸಿನಲ್ಲೇ ನಮಗೆ ಅಸ್ಪೃಶ್ಯತೆ ನಿಷೇಧದ ಆರ್ಟಿಕಲ್ 17 ಪಾಠ ಮಾಡ್ತಿದ್ದರು.

ಲಾ ಕಾಲೇಜಿನವರು ಜಾತಿ ಹೆಸರು ಹಿಡಿದು ಬೈಯೋದು ಕಡಿಮೆ. ಬೈದರೆ ಅಟ್ರಾಸಿಟಿ ಕೇಸ್ ಬೀಳುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಆ ಕೆಲಸವನ್ನ ರೂಲ್ಸ್ ಬುಕ್ಕಿಗೆ ವಹಿಸಿದ್ದಾರೆ.

ಬಾಗಿಲಿನಿಂದಲೇ ನೋಡಿ. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಸೇರಲು ಕ್ಲಾಟ್ ಪರೀಕ್ಷೆ ಬರೀಬೇಕು. ಇತ್ತೀಚಿನ ವರ್ಷಗಳಲ್ಲಿ ಅದರ ಅರ್ಜಿ ಶುಲ್ಕ ಜನರಲ್‌ನವರಿಗೆ 4000 ರೂಪಾಯಿ, ಎಸ್‌ಸಿ ಎಸ್‌ಟಿಗೆ 3500. ಸೀಟಿಗಲ್ಲ ಸ್ವಾಮಿ, ಬರೀ ಅರ್ಜಿಗೆ! ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದ ಕೇರಿ ಹುಡುಗ ಅಲ್ಲೇ ವಾಪಸ್ಸು. ಆಮೇಲೆ "ಸೀಟು ಇಟ್ಟಿದ್ದೀವಿ, ಬರೋ ಯೋಗ್ಯತೆ ಇರೋರೇ ಇಲ್ಲ" ಅಂತಾರೆ.

ಊರಿನ ಹತ್ತಿರದ ಕಾಲೇಜಿಗೆ ಸೇರಿದರೂ ಫೀಸಿನ ಕಾಟ ತಪ್ಪಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗೋದು ವರ್ಷಕ್ಕೆ ಎರಡೂವರೆ ಲಕ್ಷದೊಳಗೆ ಆದಾಯ ಇರೋ ಎಸ್‌ಸಿ ಎಸ್‌ಟಿ ಕುಟುಂಬದ ಮಕ್ಕಳಿಗೆ. ಕಾಲೇಜಿಗೆ ದುಡ್ಡು ಬೇಕಿರೋದು ಜೂನ್‌ನಲ್ಲಿ. ಸ್ಕಾಲರ್‌ಶಿಪ್ ಬರೋದು ವರ್ಷದ ಕೊನೆಗೋ, ಮುಂದಿನ ವರ್ಷಕ್ಕೋ. ತಡ ಮಾಡೋದು ಸರ್ಕಾರ, ದಂಡ ಕಟ್ಟೋದು ನಮ್ಮ ಹುಡುಗಿ. ಇದು ಯಾವ ನ್ಯಾಯ?

2024ರ ಘಟನೆ ನೆನಪಿದೆಯಾ? ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕನ ಮಗ, ದಲಿತ ಹುಡುಗ. 17,500 ರೂಪಾಯಿ ಹೊಂದಿಸಿ ಆನ್‌ಲೈನ್‌ನಲ್ಲಿ ಕಟ್ಟುವಷ್ಟರಲ್ಲಿ ಸಮಯ ಮುಗಿದು ಧನಬಾದ್ ಐಐಟಿ ಸೀಟು ಹೋಯ್ತು. ಸುಪ್ರೀಂ ಕೋರ್ಟು ಆರ್ಟಿಕಲ್ 142 ಬಳಸಿ ಸೀಟು ಕೊಡಿಸಿತು. ಸಂತೋಷ. ಆದರೆ ಹಾಲ್ ಟಿಕೆಟ್‌ಗಾಗಿ ನಮ್ಮ ಪ್ರತಿ ಮಗುವೂ ದೆಹಲಿವರೆಗೆ ಹೋಗಬೇಕಾ?

ಇನ್ನು ಹಾಸ್ಟೆಲ್. ಅದನ್ನ "ಸೌಲಭ್ಯ" ಅಂತಾರೆ. ಸೌಲಭ್ಯ ಅಂದ್ರೆ ಕೊಟ್ಟರೆ ಕೊಟ್ಟರು, ಕಿತ್ತುಕೊಂಡರೆ ಕಿತ್ತುಕೊಂಡರು. 1917ರಲ್ಲಿ ಬಾಬಾಸಾಹೇಬರು ಬರೋಡಾಕ್ಕೆ ಕೆಲಸಕ್ಕೆ ಹೋದಾಗ ಕೊಲಂಬಿಯಾದಲ್ಲಿ ಓದಿ ಬಂದಿದ್ದರು. ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಉಳಿದಿದ್ದ ವಸತಿಗೃಹಕ್ಕೆ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಅದೇ ಬಾಬಾಸಾಹೇಬರು 1935ರಲ್ಲಿ ಮುಂಬೈನ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು ಅನ್ನೋದನ್ನ ಇವತ್ತಿನ ಪ್ರಿನ್ಸಿಪಾಲರು ಮರೀಬಾರದು.

ನೂರು ವರ್ಷ ಆದಮೇಲೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಏನಾಯ್ತು? ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರನ್ನ ಹಾಸ್ಟೆಲಿನಿಂದ ಹೊರಹಾಕಿದರು. ರೋಹಿತ್‌ಗೆ ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ. 2016ರ ಜನವರಿ 17ರಂದು ಅವನನ್ನ ಕಳೆದುಕೊಂಡೆವು. ಅಲ್ಲಿ ದೊಣ್ಣೆ ಬೇಕಾಗಲಿಲ್ಲ, ಆದೇಶದ ಪ್ರತಿ ಸಾಕಾಯ್ತು. ಕೋಣೆ, ಊಟ, ಸ್ಟೈಪೆಂಡು ಇವು ಆಡಳಿತದ ಸಣ್ಣ ವಿಷಯ ಅನ್ನೋರು ಇದಕ್ಕೆ ಉತ್ತರ ಕೊಡಲಿ.

ಕಾನೂನು ಇಲ್ಲ ಅಂತಲ್ಲ. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ಹೇಳಿದೆ. ಅದು ಜಾರಿಯೇ ಆಗಿಲ್ಲ ಅಂತ ರೋಹಿತನ ತಾಯಿ, ಪಾಯಲ್ ತಡವಿಯ ತಾಯಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯ್ತು. ನಿಮ್ಮ ಕಾಲೇಜಿನಲ್ಲಿ ರ‍್ಯಾಗಿಂಗ್ ವಿರೋಧಿ ಬೋರ್ಡು ಎಲ್ಲರಿಗೂ ಕಾಣುತ್ತೆ. ತಾರತಮ್ಯ ವಿರೋಧಿ ಅಧಿಕಾರಿ ಯಾರು ಅಂತ ಯಾರಿಗಾದ್ರೂ ಗೊತ್ತಾ?

"ಎಲ್ಲರಿಗೂ ಒಂದೇ ರೂಲ್ಸು" ಅಂತ ವಾದ ಮಾಡ್ತಾರೆ. ಕಾನೂನು ಓದಿದವರೇ ಹೀಗಂದ್ರೆ ನಗು ಬರುತ್ತೆ. ವಕೀಲರ ನೋಂದಣಿ ವಿಷಯದಲ್ಲೂ ಇದೇ ಕಥೆ ನಡೆದಿತ್ತು. ವಕೀಲರ ಕಾಯ್ದೆ ಪ್ರಕಾರ ಶುಲ್ಕ 750 ರೂಪಾಯಿ, ಎಸ್‌ಸಿ ಎಸ್‌ಟಿಗೆ 125. ಆದರೂ ರಾಜ್ಯಗಳ ಬಾರ್ ಕೌನ್ಸಿಲ್‌ಗಳು ಸಾವಿರಾರು ರೂಪಾಯಿ ವಸೂಲಿ ಮಾಡ್ತಿದ್ದವು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನ ನಿಲ್ಲಿಸಿತು. ಇಂಥ ಶುಲ್ಕ ಅಂಚಿನ ಸಮುದಾಯಗಳನ್ನ ವೃತ್ತಿಯಿಂದ ಹೊರಗಿಡುತ್ತೆ ಅಂತ ಕೋರ್ಟೇ ಒಪ್ಪಿಕೊಂಡಿತು. ವಕೀಲರಾಗೋ ಬಾಗಿಲಲ್ಲಿ ತಪ್ಪಾದದ್ದು ಕಾಲೇಜಿನ ಕೌಂಟರಿನಲ್ಲಿ ಸರಿ ಹೇಗಾಗುತ್ತೆ?

ನಮ್ಮ ಬೇಡಿಕೆ ಸರಳ. ಸ್ಕಾಲರ್‌ಶಿಪ್‌ಗೆ ಅರ್ಹರಾದ ಮಕ್ಕಳ ಹಾಲ್ ಟಿಕೆಟ್, ಅಂಕಪಟ್ಟಿ ತಡೀಬಾರದು. ಬಾಕಿ ಹಣವನ್ನ ಕಾಲೇಜೇ ಇಲಾಖೆಯಿಂದ ವಸೂಲಿ ಮಾಡಿಕೊಳ್ಳಲಿ. ಜಾತಿ ಸಮೇತ ಪಟ್ಟಿ ಅಂಟಿಸೋದು ನಿಲ್ಲಲಿ. ಮೇಲ್ಮನವಿ ಮುಗಿಯೋವರೆಗೆ ಯಾರನ್ನೂ ಹಾಸ್ಟೆಲಿನಿಂದ ಹಾಕಬಾರದು. ತಾರತಮ್ಯ ವಿರೋಧಿ ಅಧಿಕಾರಿಯ ಹೆಸರು, ನಂಬರು ಗೇಟಿನಲ್ಲೇ ಇರಲಿ.

2025ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಪತ್ರ ಬರೆದ ಮೇಲೆ ರೋಹಿತ್ ವೇಮುಲ ಕಾಯ್ದೆ ತರ್ತೀವಿ ಅಂತ ಸಿದ್ದರಾಮಯ್ಯನವರು ಮಾತು ಕೊಟ್ಟರು. ಆ ಕಾಯ್ದೆಯಲ್ಲಿ ಬರೀ ಬೈಗುಳಕ್ಕೆ ಶಿಕ್ಷೆ ಇದ್ದರೆ ಸಾಲದು. ಫೀಸ್ ಕೌಂಟರು, ವಾರ್ಡನ್ ರೂಮು ಎರಡೂ ಅದರೊಳಗೆ ಬರಬೇಕು.

ಇದನ್ನ ಓದ್ತಿರೋ ಲಾ ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನ ರೂಲ್ಸ್ ಬುಕ್ ಇವತ್ತೇ ತೆಗೆದು ಓದಿ. ಸರ್ಕಾರಿ, ಅನುದಾನಿತ ಕಾಲೇಜಾದ್ರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಆ ಅಧಿಕಾರಿಯ ಹೆಸರು, ಬಂದ ದೂರುಗಳು, ಕೈಗೊಂಡ ಕ್ರಮ ಕೇಳಿ. ಖಾಸಗಿಯಾದ್ರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ.

ಅಂದಹಾಗೆ, ಆ ಹುಡುಗಿಗೆ ಹಾಲ್ ಟಿಕೆಟ್ ಸಿಕ್ತು. ನಾವು ಐದು ಜನ ಬೆಳಗ್ಗೆಯಿಂದ ಆಫೀಸಿನ ಮುಂದೆ ಕೂತ ಮೇಲೆ, ಸಂಜೆ ನಾಲ್ಕಕ್ಕೆ, ಮುಚ್ಚಳಿಕೆ ಬರೆಸಿಕೊಂಡು ಕೊಟ್ಟರು. ಏನೂ ತಪ್ಪು ಮಾಡದ ಮಗುವಿನ ಕೈಲಿ ಮುಚ್ಚಳಿಕೆ! ಪಟ್ಟಿ ಇನ್ನೂ ಬೋರ್ಡಿನಲ್ಲೇ ಇದೆ. ಸೋಮವಾರ ಮತ್ತೆ ಹೋಗ್ತಿದ್ದೀವಿ. ಬರೋರು ಬನ್ನಿ.

ಜೈಭೀಮ್.